ಗುಡಿಮಾಳದ ಪರವಾಗಿ ಮೇಜು ಕುಟ್ಟಿದ್ದು

ನಮ್ಮ ಸಂಸದ ಜಡೆಪ್ಪನವರು ರಾಷ್ಟ್ರದ ಚರ್ಚೆಗಳಿಗೆ ಏನು ಕೊಟ್ಟಿದ್ದಾರೆ ಎಂದು ಯಾರಾದರೂ ಕೇಳಿದರೆ ನಾವು ಗುಡಿಮಾಳದವರು ತಡವರಿಸುವುದಿಲ್ಲ. ತಮ್ಮ ಎರಡು ಕೈಗಳನ್ನು ಕೊಟ್ಟಿದ್ದಾರೆ. ಬಾಹ್ಯಾಕಾಶದ ಮೇಲೆ ಚರ್ಚೆ ನಡೆದಾಗ ಅವರು ಮೇಜು ಕುಟ್ಟಿದರು. ಆಳ ಸಮುದ್ರದ ಮೀನುಗಾರಿಕೆಯ ಮಸೂದೆ ಬಂದಾಗ, ಬಳ್ಳಾರಿಗೆ ಸಮುದ್ರವೇ ಇಲ್ಲ ಎಂಬ ಸಣ್ಣತನ ತೋರದೆ ಕುಟ್ಟಿದರು. ಹಿಮ ಬೀಳುವ ಸೀಮೆಯ ಸೇಬಿಗೆ ಬೆಲೆ ಸಿಕ್ಕಿತು ಎಂದಾಗ ಕುಟ್ಟಿದರು, ಸಿಗುವುದಿಲ್ಲ ಎಂದಾಗಲೂ ಕುಟ್ಟಿದರು. ಒಂದು ಬಜೆಟ್ ಮುಗಿಸಿಕೊಂಡು ಬಂದಾಗ ಬಲಗೈ ಊದಿಕೊಂಡಿತ್ತು. ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಅರಿಸಿನದ ಪಟ್ಟು ಹಾಕಿಸಿಕೊಂಡು ಕುಳಿತಿದ್ದರು. ಬಾಯನ್ನು ಮಾತ್ರ ದೇಶಕ್ಕೆ ಕೊಟ್ಟಿರಲಿಲ್ಲ. ಅದನ್ನು ಊಟಕ್ಕೆ ಇಟ್ಟುಕೊಂಡಿದ್ದರು.

ಇದೆಲ್ಲ ನಮಗೆ ಗೊತ್ತಾಗುತ್ತಿದ್ದದ್ದು ಕಾಡಸಿದ್ದಪ್ಪನ ಹೋಟೆಲಿನ ಟೀವಿಯಿಂದ. ಕಾಡಸಿದ್ದಪ್ಪ ರಸ್ತೆ ಪಕ್ಕದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಹಾಕಿಕೊಂಡು ಬದುಕಿದ್ದ ಮನುಷ್ಯ. ಊರಿನ ಬೇರೆ ಹೋಟೆಲುಗಳಲ್ಲಿ ಕ್ರಿಕೆಟ್ಟೋ ತೆಲುಗು ಸಿನಿಮಾವೋ ಓಡುತ್ತಿದ್ದರೆ ಇವನಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಂಸತ್ತು ಓಡುತ್ತಿತ್ತು. ಜಡೆಪ್ಪನವರ ಕುರ್ಚಿ ಹಿಂದಿನ ಸಾಲಿನಲ್ಲಿ, ಒಬ್ಬ ಭಾರೀ ಮೈಯ ಸದಸ್ಯರ ಬೆನ್ನಿಗೆ. ಆ ಮಹನೀಯರು ನೀರು ಕುಡಿಯಲು ಬಗ್ಗಿದರೆ ನಮ್ಮವರ ಹಣೆ ಕಾಣುತ್ತಿತ್ತು. ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಹೋದರೆ ಮೂಗಿನವರೆಗೆ ದರ್ಶನ. ಅಷ್ಟು ಕಂಡರೆ ಸಾಕು, ಕಾಡಸಿದ್ದಪ್ಪ ಬಾಣಲೆಯಲ್ಲಿದ್ದ ಮಿರ್ಚಿಯನ್ನು ಹಾಗೇ ಬಿಟ್ಟು ಓಡಿ ಬರುತ್ತಿದ್ದ. ಆ ದಿನಗಳಲ್ಲಿ ಅವನ ಹೋಟೆಲಿನ ಮಿರ್ಚಿ ಯಾಕೆ ಕರ್ರಗಿರುತ್ತಿತ್ತು ಎಂಬುದಕ್ಕೆ ಇದೇ ಕಾರಣ.

ಕಾಡಸಿದ್ದಪ್ಪನಿಗೆ ಈ ಜಗತ್ತಿನಲ್ಲಿ ಎರಡು ಹೆಮ್ಮೆಗಳಿದ್ದವು. ಮೊದಲನೆಯದು, ಕುರುಗೋಡಿನ ಹೈಸ್ಕೂಲಿನಲ್ಲಿ ಅವನೂ ಜಡೆಪ್ಪನವರೂ ಒಂದೇ ಬೆಂಚಿನವರು. ಅಲ್ಲಿಯೂ ಹಿಂದಿನ ಬೆಂಚೇ.

"ಅವಗ ಎಲ್ಲಾ ಕಲಿಸಿದಾವ ನಾನ," ಎನ್ನುತ್ತಿದ್ದ ಕಾಡಸಿದ್ದಪ್ಪ, ಕೇಳಿದವರಿಗೂ ಕೇಳದವರಿಗೂ. "ಇನ್‌ಸ್ಪೆಕ್ಟರ್ ಬಂದಾಗ ಮಕ್ಕಂಡಿರ್ತಿದ್ದ. ಎಬ್ಬಿಸಿ ಹೇಳಿದ್ನಿ, ಲೇ ಜಡ್ಯಾ, ನಿನಗ ತಿಳೀಲಿ ಬಿಡ್ಲಿ, ಮುಂದಿನ ಬೆಂಚಿನಾವ್ರು ಚಪ್ಪಾಳಿ ಹೊಡದ್ರ ನೀನೂ ಹೊಡಿ, ಅವ್ರು ಎದ್ರ ಎದ್ದೇಳು, ಕುಂತ್ರ ಕುಂದ್ರು. ಯಾರೂ ನಿನ್ನ ಏನೂ ಕೇಳಂಗಿಲ್ಲ. ಆ ಒಂದು ಮಾತು ಹಿಡಕೊಂಡು ದಿಲ್ಲಿ ಮಟ ಹೋಗ್ಯಾನ ನೋಡ್ರಿ."

ಎರಡನೆಯ ಹೆಮ್ಮೆ, ತನಗೆ ಹಿಂದಿ ಬರುತ್ತದೆ ಎಂಬುದು. ಚಿಕ್ಕಂದಿನಲ್ಲಿ ಹಿಂದಿಯ ಮೊದಲ ಪರೀಕ್ಷೆ ಪಾಸು ಮಾಡಿದ್ದನಂತೆ. ನಮ್ಮ ಊರಿನವರಿಗೆ ತೆಲುಗು ಚೆನ್ನಾಗಿ ಬರುತ್ತದೆ, ಸಂತೆಯ ಉರ್ದುವೂ ಅಷ್ಟಿಷ್ಟು ಬರುತ್ತದೆ. ದಿಲ್ಲಿಯವರ ಆ ಸರ್ಕಾರಿ ಹಿಂದಿ ಯಾರಿಗೂ ಬರುವುದಿಲ್ಲ. ಹಾಗಾಗಿ ಕಾಡಸಿದ್ದಪ್ಪ ಹೇಳಿದ್ದೇ ಸಂಸತ್ತು. ಅವನ ಅನುವಾದದಲ್ಲಿ ಮಂತ್ರಿಗಳೆಲ್ಲ ಕುರುಗೋಡಿನ ಭಾಷೆಯಲ್ಲಿ ಜಗಳವಾಡುತ್ತಿದ್ದರು, ಕೊನೆಗೆ ಎಲ್ಲರೂ ಜಡೆಪ್ಪನವರ ಕಡೆ ನೋಡಿ ಸುಮ್ಮನಾಗುತ್ತಿದ್ದರು. ನಂಬುವುದಕ್ಕೆ ನಮಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಇಷ್ಟರಲ್ಲಿ ಬಳ್ಳಾರಿ-ಸಿರುಗುಪ್ಪ ರಸ್ತೆ ಅಗಲವಾಯಿತು. ಅಭಿವೃದ್ಧಿ ನಮ್ಮೂರಿನ ನಟ್ಟನಡುವೆ ಹಾದು ಹೋಯಿತು. ಮನೆಗಳೆಲ್ಲ ಈ ಕಡೆ ಉಳಿದವು; ಹೈಸ್ಕೂಲು, ರೇಷನ್ ಅಂಗಡಿ, ಸ್ಮಶಾನ ಆ ಕಡೆ ಹೋದವು. ನಡುವೆ ಎದೆಮಟ್ಟದ ಕಾಂಕ್ರೀಟು ಗೋಡೆ. ಬದುಕಿರುವವರಿಗೂ ಸತ್ತವರಿಗೂ ನಡುವೆ ಸರ್ಕಾರ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದದ್ದು ಇದೇ ಮೊದಲು. ಗಾಡಿಗಳು ತಿರುಗಿಕೊಳ್ಳುವ ಜಾಗ ಎಲ್ಲೋ ಮೈಲುಗಟ್ಟಲೆ ದೂರದಲ್ಲಿತ್ತು. ಊರಿನವರು ಒಂದು ಬೆಳಗ್ಗೆ ಹಾರೆ ಗುದ್ದಲಿ ತೆಗೆದುಕೊಂಡು ಹೋಟೆಲಿನ ಎದುರಿಗೇ ಗೋಡೆಯನ್ನು ಒಂದಷ್ಟು ಒಡೆದು ದಾರಿ ಮಾಡಿಕೊಂಡರು. ಆ ಕಂಡಿಯಲ್ಲಿ ನುಗ್ಗಿ, ಎರಡೂ ಕಡೆಯಿಂದ ಬರುವ ಅದಿರಿನ ಲಾರಿಗಳ ನಡುವೆ ಓಡಿ, ಮಕ್ಕಳು ಸಾಲಿಗೆ ಹೋಗುತ್ತಿದ್ದವು.

ಮೊಸರು ಮಾರುವ ಊರಮ್ಮ ಮಾತ್ರ ಒಂದು ದಿನ ಅಷ್ಟು ಜೋರಾಗಿ ಓಡಲಿಲ್ಲ. ತಲೆಯ ಮೇಲೆ ಗಡಿಗೆ ಇತ್ತು. ಲಾರಿ ನಿಲ್ಲಲಿಲ್ಲ. ಮೊಣಕಾಲಿನ ಕೆಳಗಿನ ಎಡಗಾಲು ಹೋಯಿತು. ಆಮೇಲಿನಿಂದ ಅವಳು ಬಗಲಲ್ಲಿ ಕೋಲು ಇಟ್ಟುಕೊಂಡು ಕಾಡಸಿದ್ದಪ್ಪನ ಹೋಟೆಲಿನ ಕಟ್ಟೆಯ ಮೇಲೇ ಮೊಸರು ಮಾರತೊಡಗಿದಳು. ನಾಲಿಗೆಗೆ ಏನೂ ಆಗಿರಲಿಲ್ಲ.

ಅದಾದ ವಾರವೇ ಕಾಡಸಿದ್ದಪ್ಪನ ಮಗ ವಿರೂಪಾಕ್ಷಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುವವನು, ಅಪ್ಪನ ಮುಂದೆ ನಿಂತು ಕಡ್ಡಿ ಮುರಿದಂತೆ ಹೇಳಿದ.

"ಯಪ್ಪಾ, ನನಗಿರಾಕಿ ಒಬ್ಬಾಕಿ ಮಗಳು. ರಾಧಾ ಇನ್ನ ಆ ರಸ್ತಿ ದಾಟೂದು ಬ್ಯಾಡ. ಅಂಡರ್‌ಪಾಸ್ ಆದ್ರ ಆಕಿ ಸಾಲಿಗಿ ಹೋಗ್ಲಿ. ಇಲ್ಲಾ, ಮನ್ಯಾಗಿರ್ಲಿ."

ರಾಧಾ ಒಂಬತ್ತನೆಯ ಕ್ಲಾಸು. ಓದಿನಲ್ಲಿ ಮುಂದು, ತಾತನೊಂದಿಗೆ ವಾದ ಮಾಡುವುದರಲ್ಲಿ ಇನ್ನೂ ಮುಂದು. ಅವಳು ತಾತನ ಮುಖ ನೋಡಿದಳು.

"ನೀ ಸಾಲಿಗಿ ಹೋಗವ್ವ," ಎಂದ ಕಾಡಸಿದ್ದಪ್ಪ. "ಈ ಸಲ ಪಾರ್ಲಿಮೆಂಟ್ ಕೂಡ್ಲಿ. ಅಂಡರ್‌ಪಾಸ್ ತರಸ್ತೀನಿ. ಅದೇನ್ ದೊಡ್ಡ ಮಾತು, ನಮ್ಮ ಜಡ್ಯಾಗ ಹೇಳಿದ್ರ ಆತು."

ವಿರೂಪಾಕ್ಷಿ ಅಲ್ಲಿಯವರೆಗೆ ಗಡುವು ಕೊಟ್ಟ. ರಾಧಾಳ ಓದು ಹೀಗೆ ಲೋಕಸಭೆಯ ಕಲಾಪಪಟ್ಟಿಗೆ ಸೇರಿತು.

ಕಾಡಸಿದ್ದಪ್ಪ, ಊರಮ್ಮ, ನಾವು ಇನ್ನಷ್ಟು ಜನ ಬಳ್ಳಾರಿ ಬಸ್ಸು ಹತ್ತಿ ಕಂಟೋನ್ಮೆಂಟಿಗೆ ಹೋದೆವು. ಬ್ರಿಟಿಷರ ಕಾಲದ ದೊಡ್ಡ ಬಂಗಲೆ, ಸುತ್ತ ಬೇವಿನ ಮರ. ಜಡೆಪ್ಪನವರ ಪಿ.ಎ. ಅಂಜಿನಿ ಎರಡು ಕಿವಿಗೆ ಎರಡು ಫೋನು ಹಿಡಿದುಕೊಂಡು, ಕಾಡಸಿದ್ದಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಸಾಹೇಬ್ರ ಕ್ಲಾಸ್‌ಮೇಟ್ ಅಂದ್ರಿ? ದಿನಾ ಒಬ್ಬಿಬ್ಬರು ಬರ್ತಾರ್ರಿ ಕ್ಲಾಸ್‌ಮೇಟ್ಸು. ಅಷ್ಟು ಮಂದಿ ಕುಂದ್ರಾಕ ಕುರುಗೋಡ ಸಾಲ್ಯಾಗ ಜಾಗ ಇರ್ಲಿಲ್ಲ."

ಅಷ್ಟರಲ್ಲಿ ಜಡೆಪ್ಪನವರೇ ಹೊರಬಂದರು. ಕಾಡಸಿದ್ದಪ್ಪನ ಹೆಸರು ನೆನಪಾಗಲಿಲ್ಲ, ಬೆಂಚು ನೆನಪಾಯಿತು. ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಊರಮ್ಮನ ಕಾಲು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಕಣ್ಣೀರಿಗೆ ನಮ್ಮ ಕ್ಷೇತ್ರದಲ್ಲಿ ಎಂದೂ ಬರ ಬಂದಿಲ್ಲ.

"ಶೂನ್ಯವೇಳ್ಯಾಗ ಎತ್ತೂನು," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ದೋಸ್ತ, ಅಲ್ಲಿ ಎದ್ದು ನಿಂತ್ರ ನನಗ ಕಾಲು ನಡಗತಾವ. ಎಲ್ಲಾರೂ ಹಿಂದ್ಯಾಗ, ಇಂಗ್ಲಿಷಿನ್ಯಾಗ ಮಾತಾಡ್ತಾರಪ್ಪ."

ಅಂಜಿನಿ ವಿವರಿಸಿದ. ಶೂನ್ಯವೇಳೆಯಲ್ಲಿ ಮಾತಾಡಬೇಕೆಂದರೆ ಬೆಳಗ್ಗೆಯೇ ಹೆಸರು ಕೊಡಬೇಕು, ಚೀಟಿ ಎತ್ತುತ್ತಾರೆ, ಬಂದರೆ ಬಂತು. ಕನ್ನಡದಲ್ಲೇ ಮಾತಾಡಬಹುದು; ಮೊದಲೇ ತಿಳಿಸಿದರೆ ಅನುವಾದಕರನ್ನು ಕೂರಿಸುತ್ತಾರೆ. ಆದರೆ ಸಿಗುವುದು ಎರಡೋ ಮೂರೋ ನಿಮಿಷ, ಮುಗಿದ ತಕ್ಷಣ ಮೈಕು ಬಂದ್.

"ಹಂಗಾರ ಇಲ್ಲೇ ಒಂದು ಸಲ ಮಾತಾಡಿ ನೋಡ್ರಿ ಸಾಹೇಬ್ರ," ಎಂದ ಕಾಡಸಿದ್ದಪ್ಪ.

ಜಡೆಪ್ಪನವರ ಒರಗು ಕುರ್ಚಿಯಲ್ಲಿ ಊರಮ್ಮನನ್ನು ಸಭಾಧ್ಯಕ್ಷರಾಗಿ ಕೂರಿಸಿದೆವು. ಕೋಲನ್ನು ಅಡ್ಡ ಇಟ್ಟುಕೊಂಡು ಅವಳು ಗಂಭೀರವಾಗಿ ಕುಳಿತಳು. ಜಡೆಪ್ಪನವರು ಎದ್ದು ಮೊದಲು ಸಭಾಧ್ಯಕ್ಷರಿಗೆ ವಂದಿಸಿದರು. ಆಮೇಲೆ ಪಕ್ಷದ ದೊಡ್ಡವರಿಗೆ, ಅವರಿಗಿಂತ ಸ್ವಲ್ಪ ಚಿಕ್ಕವರಿಗೆ, ರಾಜ್ಯದ ನಾಯಕರಿಗೆ, ಜಿಲ್ಲೆಯ ನಾಯಕರಿಗೆ, ಮಠಗಳಿಗೆ, ತಾಯಿ ತಂದೆಗೆ, ಮತ ಹಾಕಿದವರಿಗೆ, ದೊಡ್ಡ ಮನಸ್ಸು ಮಾಡಿ ಹಾಕದವರಿಗೆ ವಂದಿಸಿದರು. ಬೆವರು ಒರೆಸಿಕೊಂಡರು.

"ಟೈಮಾತು, ಕುಂದ್ರು," ಎಂದಳು ಊರಮ್ಮ.

"ಇನ್ನಾ ಗುಡಿಮಾಳ ಬಂದಿಲ್ಲ ತಾಯಿ."

"ನೀ ಗುಡಿಮಾಳಕ್ಕ ಬರೂದ್ರಾಗ ನನ್ನ ಇನ್ನೊಂದು ಕಾಲೂ ಹೋಗಿರ್ತೈತಿ. ಕುಂದ್ರು."

ಜಡೆಪ್ಪನವರು ಕುಳಿತರು. ಸಭಾಧ್ಯಕ್ಷರ ಮಾತಿಗೆ ಅಷ್ಟು ಬೇಗ ಕುಳಿತ ಸದಸ್ಯರು ಸಂಸತ್ತಿನಲ್ಲಿ ಅಪರೂಪ ಎಂದು ಅಂಜಿನಿ ಹೆಮ್ಮೆಯಿಂದ ಹೇಳಿದ. ಏನೇ ಆಗಲಿ, ಹೆಸರು ಕೊಡುತ್ತೇನೆ ಎಂದು ಜಡೆಪ್ಪನವರು ಕಾಡಸಿದ್ದಪ್ಪನ ಕೈ ಹಿಡಿದು ಮಾತು ಕೊಟ್ಟರು.

ಅಧಿವೇಶನ ಶುರುವಾಯಿತು. ಕೆಲವು ದಿನ ಗದ್ದಲದಲ್ಲಿ ಹೋದವು, ಕೆಲವು ದಿನ ಚೀಟಿ ಬರಲಿಲ್ಲ. ವಿರೂಪಾಕ್ಷಿ ದಿನಾ ಕೆಲಸದಿಂದ ಬಂದವನೇ, "ಆತೇನಪ್ಪ?" ಎಂದು ಕೇಳುತ್ತಿದ್ದ. ಕಾಡಸಿದ್ದಪ್ಪ, "ಚರ್ಚೆ ಹಂತದಾಗೈತಿ," ಎನ್ನುತ್ತಿದ್ದ. ಆ ಮಾತು ಅವನಿಗೆ ಎಲ್ಲಿ ಸಿಕ್ಕಿತೋ, ಸಚಿವರಿಗೂ ಅಷ್ಟು ನಿರಾಳವಾಗಿ ಹೇಳಲು ಬರುವುದಿಲ್ಲ.

ಒಂದು ಬೆಳಗ್ಗೆ ಅಂಜಿನಿ ದಿಲ್ಲಿಯಿಂದ ಫೋನು ಮಾಡಿದ. ಇವತ್ತು ಪ್ರಶ್ನೋತ್ತರದಲ್ಲಿ ಹೆದ್ದಾರಿಯ ವಿಷಯ ಬರುತ್ತದೆ, ಬೇರೆ ರಾಜ್ಯದ ಯಾರೋ ಕೇಳಿದ್ದಾರೆ, ಸಾಹೇಬರು ಹಾಜರಿದ್ದಾರೆ, ನೋಡುತ್ತಿರಿ. ಕಾಡಸಿದ್ದಪ್ಪ ಊರೆಲ್ಲ ಡಂಗುರ ಹೊಡೆಸದಿದ್ದದ್ದು ಒಂದೇ ಕಮ್ಮಿ. ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ಮಾತ್ರ ಇರಲಿಲ್ಲ, ರಾಧಾಳೂ ಸಾಲಿಗೆ ಹೋಗಿದ್ದಳು.

ಮಂತ್ರಿಗಳು ಎದ್ದರು. ಹಿಂದಿಯಲ್ಲಿ ಉದ್ದಕ್ಕೆ ಹೇಳತೊಡಗಿದರು.

"ಏನಂತ ಸಿದ್ದಣ್ಣ?" ಎಂದಳು ಊರಮ್ಮ.

"ರಸ್ತಿ ಬಾಳ ಚೊಲೋ ಆಗ್ಯಾವ ಅಂತಾನ," ಎಂದ ಕಾಡಸಿದ್ದಪ್ಪ. ಅಷ್ಟು ಅವನಿಗೆ ನಿಜವಾಗಿಯೂ ತಿಳಿದಿತ್ತು. "ಆದ್ರ ರಸ್ತಿ ಪಕ್ಕದ ಹಳ್ಳ್ಯಾಗ ಮಂದಿ ಸಾಯಾಕ ಹತ್ಯಾರ ಅಂತಾನ."

"ಈಗೇನಂತ?"

"ಈಗ... ಮಂದಿ ಸಾಯಬಾರ್ದು ಅಂತಾನ."

ಆಗ ಮಂತ್ರಿಗಳ ಬಾಯಿಂದ ಬಳ್ಳಾರಿ, ಸಿರುಗುಪ್ಪ ಎಂಬ ಎರಡು ಹೆಸರು ಬಂದವು. ಅದಕ್ಕೆ ಅನುವಾದ ಬೇಕಿರಲಿಲ್ಲ. ಹೋಟೆಲು ಒಮ್ಮೆಲೇ ಎದ್ದು ನಿಂತಿತು. ಮುಂದಿನ ಸಾಲುಗಳು ಮೇಜು ಕುಟ್ಟಿದವು. ಆ ಭಾರೀ ಮೈಯ ಸದಸ್ಯರು ಅದೇ ಗಳಿಗೆಯಲ್ಲಿ ಎಲ್ಲಿಗೋ ಎದ್ದು ಹೋದರು, ಮತ್ತು ಇಡೀ ಭಾರತಕ್ಕೆ ಜಡೆಪ್ಪನವರು ಮೊದಲ ಸಲ ಪೂರ್ತಿ ಕಂಡರು. ಎರಡೂ ಕೈಯಿಂದ ಮೇಜು ಕುಟ್ಟುತ್ತಿದ್ದರು. ಮಂತ್ರಿಗಳು ಅವರ ಕಡೆ ಕೈ ತೋರಿಸಿ ನಗುನಗುತ್ತ ಏನೋ ಹೇಳಿದರು. ಎಲ್ಲರೂ ತಿರುಗಿ ನೋಡಿದರು. ಜಡೆಪ್ಪನವರು ಅರ್ಧ ಎದ್ದು ಕೈ ಮುಗಿದು, ಕುಳಿತು, ಮತ್ತೆ ಕುಟ್ಟಿದರು.

"ಏನಂದ, ಏನಂದ?" ಎಂದು ಹೋಟೆಲಿನಲ್ಲಿ ಇದ್ದವರೆಲ್ಲ ಕಾಡಸಿದ್ದಪ್ಪನ ಮೇಲೆ ಬಿದ್ದರು.

ಅವನಿಗೆ ಒಂದಕ್ಷರ ತಿಳಿದಿರಲಿಲ್ಲ. ನನಗೆ ತಿಳಿಯಲಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅಷ್ಟು ಜನರ ಮುಂದೆ, ಅಷ್ಟು ವರ್ಷ ಹಿಂದಿ ಬಲ್ಲವನಾಗಿ ಬದುಕಿದ ಮೇಲೆ, ಆ ಮಾತು ಯಾರ ಬಾಯಲ್ಲಿ ಬರುತ್ತದೆ?

"ಈ ಸಿರುಗುಪ್ಪ ರಸ್ತಿ ಕೆಲಸ ಲಗೂನ ಮಾಡಿಸ್ತೀನಿ, ಇವ್ರು ಕೇಳ್ಯಾರಂದ್ರ ಇಲ್ಲನ್ನಾಕ ಆಗಂಗಿಲ್ಲ ಅಂದ," ಎಂದ ಕಾಡಸಿದ್ದಪ್ಪ. "ಅಂಡರ್‌ಪಾಸ್ ಆತ್ರಪ್ಪ."

ಊರಮ್ಮ ಒಬ್ಬಳು, "ಬಾಯಿ ಬಿಡದ ಏನ್ ಕೇಳಿದ್ನೋ," ಎಂದಳು. ಪಟಾಕಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಅಂಜಿನಿ ಆ ದೃಶ್ಯವನ್ನು ಕತ್ತರಿಸಿ, ಮಂತ್ರಿಗಳ ಮಾತು ತೆಗೆದು ಡೊಳ್ಳಿನ ಸದ್ದು ಹಾಕಿ ಎಲ್ಲರ ಫೋನಿಗೂ ಕಳಿಸಿದ್ದ. ಸಾಲಿಯಿಂದ ಬಂದ ರಾಧಾ ಅದನ್ನೇ ಮತ್ತೆ ಮತ್ತೆ ನೋಡಿ, "ತಾತ, ಇದರಾಗ ಮಾತ ಇಲ್ಲಲ್ಲ. ಹಿಂದ್ಯಾಗ ಏನಂದ್ರು, ಹಂಗಾ ಹೇಳು," ಎಂದಳು. ಅವಳಿಗೆ ಸಾಲಿಯಲ್ಲಿ ಹಿಂದಿ ಇತ್ತು, ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದಳು. "ದೊಡ್ಡೋರ ಹಿಂದಿ ಅದು, ನಿಮ್ಮ ಪುಸ್ತಕದಾಗ ಬರಂಗಿಲ್ಲ," ಎಂದು ಕಾಡಸಿದ್ದಪ್ಪ ಅವಳ ಕೈಗೆ ಒಂದು ಮಿರ್ಚಿ ಕೊಟ್ಟ. ಅವತ್ತು ಮಿರ್ಚಿ ಹದವಾಗಿ ಬೆಂದಿತ್ತು.

ಮುಂದಿನ ಕೆಲವು ವಾರ ಕಾಡಸಿದ್ದಪ್ಪ ಮನುಷ್ಯನಾಗಿರಲಿಲ್ಲ, ಗಣ್ಯನಾಗಿದ್ದ. ಸಿರಿಗೇರಿಯವರು ತಮ್ಮ ಬಸ್ ನಿಲ್ದಾಣದ ಬಗ್ಗೆ ಒಂದು ಸಲ ಮೇಜು ಕುಟ್ಟಿಸಿಕೊಡಿ ಎಂದು ಬಂದರು. ಮೋಕಾ ಊರಿನಲ್ಲಿದ್ದ ಅವನ ಹೆಂಡತಿಯ ತಮ್ಮ, ಯಾವುದೋ ಮದುವೆಯಲ್ಲಿ ಎಲೆ ಹಾಕುವ ವಿಷಯಕ್ಕೆ ಮುನಿಸಿಕೊಂಡು ಮಾತು ಬಿಟ್ಟಿದ್ದವನು, ಹಣ್ಣು ಹಿಡಿದುಕೊಂಡು ಬಂದು ಕಾಲಿಗೆ ಬಿದ್ದ. ಹೆಂಡತಿ ಕೊಟ್ರಮ್ಮ ಮಾತ್ರ, "ಮಂದೀಗಿ ಚಾ ಕಾಸಿ ಕಾಸಿ ನನ್ನ ಕೈ ಹೋದ್ವು, ಅಂಡರ್‌ಪಾಸ್ ಎಲ್ಲೈತಿ?" ಎಂದು ಕೇಳುತ್ತಿದ್ದಳು. ಹೆಣ್ಣುಮಕ್ಕಳಿಗೆ ಸಂಸದೀಯ ತಾಳ್ಮೆ ಕಮ್ಮಿ ಎಂದು ಕಾಡಸಿದ್ದಪ್ಪ ನಮಗೆ ಹೇಳಿದ.

ಜಡೆಪ್ಪನವರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಅವರಿಗೂ ತಾವು ಏನು ಸಾಧಿಸಿದ್ದೇವೆಂದು ಸರಿಯಾಗಿ ಗೊತ್ತಿರಲಿಲ್ಲ. ಆದರೆ ಸನ್ಮಾನಕ್ಕೆ ಕರೆದಾಗ ಯಾಕೆ ಎಂದು ಕೇಳುವ ಅಭ್ಯಾಸ ನಮ್ಮ ಕಡೆ ಯಾವ ಜನಪ್ರತಿನಿಧಿಗೂ ಇಲ್ಲ. ಹೋಟೆಲಿನ ಮುಂದೆ ಶಾಮಿಯಾನ ಎದ್ದಿತು. "ಸಂಸತ್ತಿನಲ್ಲಿ ಗುಡಿಮಾಳದ ಗುಡುಗು" ಎಂದು ಫ್ಲೆಕ್ಸು ಬಂದಿತು. ಅದರಲ್ಲಿ ಜಡೆಪ್ಪನವರು ಬೆಟ್ಟದಷ್ಟು, ಕಾಡಸಿದ್ದಪ್ಪ ಬೊಟ್ಟಿನಷ್ಟು. ಸೇಬಿನ ಹಾರವನ್ನು ಮೇಲಿಂದ ತೂಗಿ ಹಾಕಲು ಸಿರುಗುಪ್ಪದಿಂದ ಜೆಸಿಬಿ ಗೊತ್ತು ಮಾಡಿದ್ದೆವು. ಈಗ ನಮ್ಮ ಸೀಮೆಯಲ್ಲಿ ಜೆಸಿಬಿ ಇಲ್ಲದೆ ಹಾರ ಹಾಕಿಸಿಕೊಂಡರೆ ಅದು ಅವಮಾನದ ಲೆಕ್ಕ.

ಸಭೆ ಚೆನ್ನಾಗಿಯೇ ನಡೆಯಿತು. ಪೇಟ, ಶಾಲು ಆದ ಮೇಲೆ ನೆನಪಿನ ಕಾಣಿಕೆಯಾಗಿ ತೇಗದ ಒಂದು ಪುಟ್ಟ ಮೇಜು ಕೊಟ್ಟೆವು. ಜಡೆಪ್ಪನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಕುಟ್ಟಿ ತೋರಿಸಿದರು. ಜನ ಕಣ್ಣೀರು ಬರುವಂತೆ ನಕ್ಕರು. ಕಾಡಸಿದ್ದಪ್ಪ ಮೈಕು ಹಿಡಿದು ಬೆಂಚಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಮುಂದಿನ ಬೆಂಚಿನವರು ಏನು ಮಾಡಿದರೆ ಅದನ್ನೇ ಮಾಡು ಎಂದು ತಾನೇ ಕಲಿಸಿದ್ದನ್ನೂ ಹೇಳಿದ. ಜಡೆಪ್ಪನವರು ಹೌದು ಹೌದು ಎಂದು ತಲೆ ಆಡಿಸಿದರು.

ಗೊತ್ತು ಮಾಡಿದ್ದ ಜೆಸಿಬಿ ಮಾತ್ರ ಬರಲಿಲ್ಲ. ಬೇರೊಬ್ಬ ಮುಖಂಡರ ಕೊರಳಿಗೆ ಹೋಗಿತ್ತು. ಎಲ್ಲರೂ ರಸ್ತೆ ನೋಡುತ್ತಿರುವಾಗ ಬಳ್ಳಾರಿಯ ಕಡೆಯಿಂದ ಒಂದು ಹಳದಿ ಜೆಸಿಬಿ ಬಂದಿತು. ಅದರ ಹಿಂದೆ ಕಾಂಕ್ರೀಟಿನ ದಿಮ್ಮಿಗಳನ್ನು ಹೇರಿದ ಲಾರಿ. ಅದರ ಹಿಂದೆ ಜೀಪು, ಜೀಪಿನಲ್ಲಿ ಹೆಲ್ಮೆಟ್ಟು ಹಾಕಿದ ಇಂಜಿನಿಯರ್ ಮೇಡಂ.

"ಹಾರಕ್ಕ ಅಲ್ರಪ್ಪ ಇದು, ಕೆಲಸಕ್ಕ ಬಂದೈತಿ," ಎಂದ ಕಾಡಸಿದ್ದಪ್ಪ. "ಸಾಹೇಬ್ರು ಕುಂತಾಗ ಕೆಲಸ ಸುರು ಮಾಡಾಕ ಕಳಿಸ್ಯಾರ. ನೋಡ್ರಿ, ಇದಕ್ಕಂತಾರ ಪ್ರಭಾವ."

ಜನ ಹೋ ಎಂದು ಓಡಿದರು. ಹೆಂಗಸರು ಜೆಸಿಬಿಗೆ ಆರತಿ ಎತ್ತಿದರು. ಬಕೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಸೇಬಿನ ಹಾರವನ್ನು ಅದಕ್ಕೇ ಹಾಕಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಇಂಜಿನಿಯರ್ ಮೇಡಂ ಜೀಪಿನಿಂದ ಇಳಿಯುವಷ್ಟರಲ್ಲಿ ಅವರ ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ.

"ಒಂದ್ನಿಮಿಷ, ನಾವು ಬಂದಿರೋದು..." ಎಂದರು ಮೇಡಂ.

"ಗೊತ್ತೈತ್ರಿ ಮೇಡಮ್ಮೋರ, ಯಾಕ ಬಂದೀರಂತ ಎಲ್ಲಾ ಗೊತ್ತೈತಿ," ಎಂದು ಅಂಜಿನಿ ಅವರ ಕೈಯಿಂದ ಕಾಯಿ ತೆಗೆದುಕೊಂಡು ಜಡೆಪ್ಪನವರಿಗೆ ಕೊಟ್ಟ. ಜಡೆಪ್ಪನವರು ಜೆಸಿಬಿಯ ಮುಂದೆ ಕಾಯಿ ಒಡೆದು, ಸ್ವಹಸ್ತದಿಂದ ಹಸಿರು ಬಾವುಟ ತೋರಿಸಿದರು. ರಸ್ತೆಯ ಆಚೆ ಬದಿಯಲ್ಲಿ, ಆಗಷ್ಟೇ ಸಾಲಿ ಬಿಟ್ಟ ಹುಡುಗಿಯರು ಚೀಲ ಹೆಗಲಿಗೇರಿಸಿಕೊಂಡು ನೋಡುತ್ತ ನಿಂತಿದ್ದರು. ಅವರಲ್ಲಿ ರಾಧಾಳೂ ಇದ್ದಳು. ಕಾಡಸಿದ್ದಪ್ಪ ಅವಳಿಗೆ ಕೈ ಬೀಸಿದ.

ಜೆಸಿಬಿ ಸೇಬಿನ ಹಾರದ ಸಮೇತ ಹೋಗಿ ಲಾರಿಯಿಂದ ಒಂದು ದಿಮ್ಮಿ ಎತ್ತಿ ಕಂಡಿಯಲ್ಲಿ ಇಳಿಸಿತು. ಚಪ್ಪಾಳೆ.

"ಪಾಯ ಹಾಕ್ತಾರ," ಎಂದ ಕಾಡಸಿದ್ದಪ್ಪ.

ಅದರ ಪಕ್ಕಕ್ಕೆ ಇನ್ನೊಂದು ದಿಮ್ಮಿ ಇಳಿಯಿತು. ಮತ್ತೆ ಚಪ್ಪಾಳೆ, ಆದರೆ ಹಿಂದಿನಷ್ಟು ಜೋರಾಗಿಲ್ಲ. ಕಂಡಿಯಲ್ಲಿ ಇನ್ನು ಒಂದು ಕಾರು ಹೋಗುವಷ್ಟು ಜಾಗ ಉಳಿದಿತ್ತು. ಊರಮ್ಮ ಕೋಲು ಊರಿಕೊಂಡು ಮೇಡಂ ಹತ್ತಿರ ಹೋದಳು.

"ಯವ್ವಾ, ಅಂಡರ್‌ಪಾಸಿಗೆ ತೆಗ್ಗು ತೋಡ್ತಾರೋ, ಗ್ವಾಡಿ ಕಟ್ತಾರೋ?"

"ಯಾವ ಅಂಡರ್‌ಪಾಸಮ್ಮ?" ಎಂದರು ಮೇಡಂ. "ಅದನ್ನೇ ಆಗಲಿಂದ ಹೇಳ್ತಾ ಇದೀನಿ. ಮುಗಿದಿರೋ ರಸ್ತೆಗೆ ಅಂಡರ್‌ಪಾಸ್ ಕೊಡಲ್ಲ, ಜನ ಒಡೆದಿರೋ ಡಿವೈಡರ್ ಎಲ್ಲ ಮುಚ್ತೀವಿ, ಬಳ್ಳಾರಿ-ಸಿರುಗುಪ್ಪ ರಸ್ತೆಯಿಂದಲೇ ಶುರು ಮಾಡ್ತೀವಿ ಅಂತ ಮಂತ್ರಿಗಳೇ ಪಾರ್ಲಿಮೆಂಟಲ್ಲಿ ಹೇಳಿದ್ರಲ್ಲ. ಅಲ್ಲಿನ ಸದಸ್ಯರೇ ಇಲ್ಲಿದ್ದಾರೆ, ನೋಡಿ, ಮೇಜು ಕುಟ್ಟಿ ಸ್ವಾಗತಿಸ್ತಿದ್ದಾರೆ ಅಂತಲೂ ಹೇಳಿದ್ರು. ನಾನೂ ನೋಡಿದೆ." ಹೆಗಲ ಮೇಲಿನ ಶಾಲನ್ನು ಮುಟ್ಟಿ ನೋಡಿಕೊಂಡರು. "ಬೇರೆ ಊರಲ್ಲಿ ನಮಗೆ ಕಲ್ಲು ಹೊಡೀತಾರೆ. ಆರತಿ ಎತ್ತಿದ್ದು ನೀವೇ ಮೊದಲು."

ಮೈಕಿನಲ್ಲಿ ಹಾಡು ಬರುತ್ತಲೇ ಇತ್ತು. ಯಾರೋ ಹೋಗಿ ನಿಲ್ಲಿಸಿದರು. ಕಾಡಸಿದ್ದಪ್ಪ ಜಡೆಪ್ಪನವರ ಹತ್ತಿರ ಹೋದ. ಸಾಹೇಬರು ಪೇಟ ಸರಿ ಮಾಡಿಕೊಳ್ಳುತ್ತಿದ್ದರು.

"ಜಡ್ಯಾ, ಅವ ಏನಂದ ಅಂತ ನೀನರ ಕೇಳಿದ್ಯಾ?"

"ಕನ್ನಡದಾಗ ತಿಳಸಾಕ ಕಿವ್ಯಾಗ ಹಾಕ್ಕೊಳ್ಳೋ ಆ ಯಂತ್ರ ಬಾಳ ತುರಸ್ತೈತೋ. ತೆಗದಿಟ್ಟಿದ್ನಿ," ಎಂದರು ಜಡೆಪ್ಪನವರು. ಅವರ ಮುಖದಲ್ಲಿ ಕಪಟವೇ ಇರಲಿಲ್ಲ. "ಮುಂದಿನ ಬೆಂಚಿನಾವ್ರು ಕುಟ್ಟಿದ್ರು, ನಾನೂ ಕುಟ್ಟಿದ್ನಿ. ಈಗ ಮೈಕಿನ್ಯಾಗ ನೀನ ಹೇಳಿದ್ಯಲ್ಲ. ನೀ ಕಲಿಸಿದ್ದ ಬಿಟ್ಟು ನಾ ಏನರ ಬ್ಯಾರೆ ಮಾಡೀನೇನು?"

ಕಾಡಸಿದ್ದಪ್ಪ ಹೋಗಿ ಶಾಮಿಯಾನದ ಒಂದು ಕುರ್ಚಿಯಲ್ಲಿ ಕುಳಿತ.

ಜನ ಗುಂಪುಗೂಡುವುದನ್ನು ನೋಡಿ ಅಂಜಿನಿ ಚುರುಕಾದ. ಬಳ್ಳಾರಿಗೆ ಹೋಗಬೇಕೆಂದರೆ ಕಾರು ರಸ್ತೆಯ ಆಚೆ ಬದಿಗೆ ದಾಟಬೇಕು. ತಿರುಗುವ ಜಾಗ ದೂರ. ಅವನು ಜೆಸಿಬಿಯವನಿಗೆ ಕೈ ಅಡ್ಡ ಹಿಡಿದ. ಕೊನೆಯ ದಿಮ್ಮಿ ಗಾಳಿಯಲ್ಲಿ ತೂಗಾಡುತ್ತ ನಿಂತಿತು. ಜಡೆಪ್ಪನವರ ಕಾರು, ಹಿಂದಿನ ಸೀಟಿನಲ್ಲಿ ತೇಗದ ಮೇಜು ಇಟ್ಟುಕೊಂಡು, ನಾವು ಹಾರೆ ಗುದ್ದಲಿಯಿಂದ ಒಡೆದ ಕಂಡಿಯಲ್ಲಿ ನಿಧಾನವಾಗಿ ನುಸುಳಿ ಆಚೆ ಹೋಯಿತು. ಆಮೇಲೆ ದಿಮ್ಮಿ ಇಳಿಯಿತು. ಅದೂ ಕುಳಿತ ಮೇಲೆ ಗೋಡೆ ಎಲ್ಲಿಯೂ ಒಡೆದೇ ಇರಲಿಲ್ಲವೇನೋ ಎನ್ನುವ ಹಾಗೆ ಕಾಣಿಸಿತು.

ಹುಡುಗಿಯರು ಆಚೆ ಉಳಿದಿದ್ದರು. ವಿರೂಪಾಕ್ಷಿ ಗೋಡೆ ಹತ್ತಿ ಇಳಿದು, ಲಾರಿಗಳಿಗೆ ಕೈ ಅಡ್ಡ ಮಾಡುತ್ತ ಹೋಗಿ, ಒಬ್ಬೊಬ್ಬರನ್ನೇ ಎತ್ತಿ ಗೋಡೆ ದಾಟಿಸಿದ. ಕೊನೆಗೆ ರಾಧಾಳನ್ನು ಎತ್ತಿಕೊಂಡು ಬಂದ. ಇಳಿಸಿದವನೇ ಅವಳ ಹೆಗಲಿನಿಂದ ಚೀಲ ತೆಗೆದುಕೊಂಡ. ಅಪ್ಪನ ಕಡೆ ನೋಡಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಕಾಡಸಿದ್ದಪ್ಪ ಅಷ್ಟು ಹೊತ್ತು ಆ ಖಾಲಿ ಶಾಮಿಯಾನದಲ್ಲಿ ಕುಳಿತಿರುತ್ತಿರಲಿಲ್ಲ.

ರಾಧಾಳ ಹೆಸರು ಇನ್ನೂ ಸಾಲಿಯ ಹಾಜರಿಯಲ್ಲಿದೆ. ಬಿಸಿಯೂಟದ ಲೆಕ್ಕಕ್ಕೋ ಇನ್ಯಾವ ಲೆಕ್ಕಕ್ಕೋ, ಮೇಷ್ಟರು ತೆಗೆದಿಲ್ಲವಂತೆ. ಅವಳು ಈಗ ಹೋಟೆಲಿನಲ್ಲಿ ಕೊಟ್ರಮ್ಮನ ಜೊತೆ ಪ್ಲೇಟು ತೊಳೆಯುತ್ತಾಳೆ, ಮೆಣಸಿನಕಾಯಿ ಸೀಳುತ್ತಾಳೆ. ಟೀವಿ ಬಹಳ ದಿನ ಬಂದಾಗಿತ್ತು. ಮೊನ್ನೆ ಮತ್ತೆ ಅಧಿವೇಶನ ಶುರುವಾದಾಗ ಯಾರೋ ಗಿರಾಕಿ ತಾನೇ ಹಾಕಿದ. ಕಾಡಸಿದ್ದಪ್ಪ ಬಾಣಲೆಯ ಮುಂದಿನಿಂದ ಕದಲಲಿಲ್ಲ. ಈಗೀಗ ಅವನ ಮಿರ್ಚಿ ಸೀಯುವುದಿಲ್ಲ.

ಹಿಂದಿಯಲ್ಲಿ ಯಾರೋ ಮಂತ್ರಿಗಳು ಮಾತಾಡುತ್ತಿದ್ದರು. ಮುಂದಿನ ಸಾಲು ಮೇಜು ಕುಟ್ಟಿತು. ಹಿಂದೆ, ಭಾರೀ ಮೈಯ ಸದಸ್ಯರು ನೀರು ಕುಡಿಯಲು ಬಗ್ಗಿದಾಗ, ಜಡೆಪ್ಪನವರ ಹಣೆ ಕಂಡಿತು. ಹಣೆ ಮೇಲೆ ಕೆಳಗೆ ಕುಣಿಯುತ್ತಿತ್ತು, ಎರಡೂ ಕೈಯಿಂದ ಕುಟ್ಟುತ್ತಿದ್ದರು ಎಂದು ಅದರಿಂದ ತಿಳಿಯಿತು.

"ಸಿದ್ದಣ್ಣ," ಎಂದಳು ಕಟ್ಟೆಯ ಮೇಲಿನಿಂದ ಊರಮ್ಮ, "ನಿನ್ನ ದೋಸ್ತ ಈಗ್ಯಾಕ ಕುಟ್ಟಾಕ ಹತ್ಯಾನ?"

ಕಾಡಸಿದ್ದಪ್ಪ ಜಾಲರಿಯಿಂದ ಮಿರ್ಚಿ ತಿರುವಿದ.

ರಾಧಾ ತೊಳೆದ ಪ್ಲೇಟುಗಳನ್ನು ಎದೆಗೆ ಅವುಚಿಕೊಂಡು ಟೀವಿಯ ಮುಂದೆ ಒಂದು ಕ್ಷಣ ನಿಂತು ಕೇಳಿದಳು.

"ದೇಶದಾಗ ಹೆಣ್ಣುಹುಡುಗ್ರು ಎಲ್ಲಾರೂ ಸಾಲಿಗಿ ಹೋಗಾಕ ಹತ್ಯಾರಂತ," ಎಂದಳು. "ಅದಕ್ಕ."

ಹೊರಗಿನಿಂದ ಯಾರೋ ಎರಡು ಪ್ಲೇಟು ಒಗ್ಗರಣಿ ಎಂದು ಕೂಗಿದರು. ರಾಧಾ ಪ್ಲೇಟು ತೆಗೆದುಕೊಂಡು ಹೋದಳು.